ಹೆಲ್ ಹಂತದಲ್ಲಿ ಬೆಂಕಿಯ ಸೋರ್ಸರೆಸ್: ತಿದ್ದುವುದೋ, ಕ್ಲಾಸನ್ನೇ ಬದಲಿಸುವುದೋ?

ಬಿಜೈ ಬೆಂಕಿ:

ಡಯಾಬ್ಲೊ 2 ರಿಸರೆಕ್ಟೆಡ್ ಎಂಬ ವಿಡಿಯೋ ಗೇಮನ್ನು ಆಫ್‌ಲೈನಿನಲ್ಲಿ ಆಡುತ್ತಿದ್ದೇನೆ. ನನ್ನ ಪಾತ್ರದ ಕ್ಲಾಸ್ ಸೋರ್ಸರೆಸ್, ಅಂದರೆ ಮಾಟಗಾತಿ, ಈಗ 74ನೇ ಲೆವೆಲ್. ಸ್ಕಿಲ್ ಪಾಯಿಂಟುಗಳನ್ನು ಬಹುಪಾಲು ಫೈರ್ ಬೋಲ್ಟ್, ಫೈರ್ ಬಾಲ್, ಮೀಟಿಯರ್ ಮತ್ತು ಫೈರ್ ಮಾಸ್ಟರಿಗಳಿಗೇ ಸುರಿದಿದ್ದೇನೆ. ನಾರ್ಮಲ್ ಮತ್ತು ನೈಟ್‌ಮೇರ್ ಎರಡನ್ನೂ ಸಲೀಸಾಗಿ ದಾಟಿದವಳು ಅತಿ ಕಷ್ಟದ ಹೆಲ್ ಹಂತದ ಮೊದಲ ಆಕ್ಟಿನಲ್ಲೇ ಬೆಂಕಿ ತಾಗದ ಶತ್ರುಗಳನ್ನು ಕಂಡರೆ ಓಡಬೇಕಾಗಿ ಬಂದಿದೆ. ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನ ಮಗ, ಇವಳನ್ನು ಬಿಟ್ಟು ಹೊಸದಾಗಿ ಪಾಲಡಿನ್ ಎಂಬ ಯೋಧನನ್ನು ಮಾಡು ಎನ್ನುತ್ತಾನೆ. ನನ್ನ ಬಳಿ ಹೇಳಿಕೊಳ್ಳುವಂಥ ಆಯುಧ, ಕವಚಗಳಿಲ್ಲ. ಕ್ಲಾಸ್ ಬದಲಿಸದೆ ಮುಂದೆ ಹೋಗುವ ದಾರಿ ಇದೆಯೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮಲ್ಪೆ ಪಡುಗಾಳಿ:

ಕ್ಲಾಸಿನ ಆಯ್ಕೆಯಲ್ಲಿ ದೋಷವೇನೂ ಇಲ್ಲ, ಒಂದೇ ಬಗೆಯ ಏಟನ್ನು ನೆಚ್ಚಿಕೊಂಡದ್ದರಿಂದ ಈ ಪಾಡು. ಬೆಂಕಿಗೆ ಶತ್ರುವಿನ ಪ್ರತಿರೋಧ ಶೇ. 100 ಮುಟ್ಟಿತೆಂದರೆ ಅವನು ಇಮ್ಯೂನ್. ಫೈರ್ ಮಾಸ್ಟರಿ ನಿಮ್ಮ ಬೆಂಕಿಯ ಬಲವನ್ನು ಹೆಚ್ಚಿಸುತ್ತದೆಯೇ ಹೊರತು ಅವನ ಪ್ರತಿರೋಧವನ್ನು ಮುಟ್ಟುವುದಿಲ್ಲ. ಹೆಲ್‌ನಲ್ಲಿ ಇಂಥವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. 2022ರ 2.5 ಪ್ಯಾಚಿನಲ್ಲಿ ಬಂದ ಸಂಡರ್ ಚಾರ್ಮ್ ಎಂಬ ತಾಯಿತ ಇಮ್ಯೂನಿಟಿಯನ್ನು ಒಡೆಯುತ್ತದೆ ನಿಜ, ಆದರೆ ಅದು ನಿಮ್ಮ ಪ್ರತಿರೋಧವನ್ನೂ ತಗ್ಗಿಸುವುದರಿಂದ ಈಗಿನ ಸ್ಥಿತಿಯಲ್ಲಿ ಅದಕ್ಕಾಗಿ ಕಾಯಬೇಕಾಗಿಲ್ಲ.

ಮೊದಲ ಆಕ್ಟಿನ ಡೆನ್ ಆಫ್ ಈವಿಲ್ ಎಂಬ ಕೆಲಸ ಮುಗಿಸಿದವರಿಗೆ ಪ್ರತಿ ಹಂತಕ್ಕೂ ಒಂದು ಸಲ, ಸ್ಕಿಲ್ ಮತ್ತು ಸ್ಟ್ಯಾಟ್ ಪಾಯಿಂಟುಗಳನ್ನೆಲ್ಲ ಹಿಂಪಡೆದು ಹೊಸದಾಗಿ ಹಂಚುವ ಅವಕಾಶವನ್ನು ಅಲ್ಲಿನ ಅಕಾರಾ ಎಂಬ ಪಾತ್ರ ಕೊಡುತ್ತಾಳೆ. ನೀವು ಅದನ್ನು ಬಳಸಿರದಿದ್ದರೆ ಅದು ಹಾಗೇ ಉಳಿದಿರುತ್ತದೆ. ಮೀಟಿಯರ್ ಮತ್ತು ಫೈರ್ ಬಾಲ್ ಎರಡನ್ನೂ 20ರಲ್ಲಿಟ್ಟು, ಫೈರ್ ಬೋಲ್ಟಿಗೆ ಹಾಕಿದ್ದನ್ನು ಚಳಿಯ ಏಟಾದ ಫ್ರೋಜನ್ ಆರ್ಬ್ ಕಡೆಗೆ ತಿರುಗಿಸಿ. ಚಳಿಯದೇ ಇನ್ನೊಂದು ಏಟಾದ ಬ್ಲಿಜರ್ಡ್ ಬಲಿಯಬೇಕಾದರೆ ಐಸ್ ಬೋಲ್ಟ್, ಐಸ್ ಬ್ಲಾಸ್ಟ್, ಗ್ಲೇಶಿಯಲ್ ಸ್ಪೈಕ್‌ಗಳಿಗೂ ಪಾಯಿಂಟ್ ತೆರಬೇಕು. ಆರ್ಬ್ ಹಾಗಲ್ಲ, ತನ್ನ 20 ಪಾಯಿಂಟುಗಳ ಜೊತೆಗೆ ಕೋಲ್ಡ್ ಮಾಸ್ಟರಿಯಲ್ಲಿ ಒಂದಿಷ್ಟು ಇದ್ದರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಎರಡು ಕಡೆ ಹಂಚಿದ ಮೇಲೆ ಬೆಂಕಿಯ ಏಟು ಮೊದಲಿನಷ್ಟು ಬಿರುಸಾಗಿರುವುದಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಸ್ಟ್ಯಾಟಿಕ್ ಫೀಲ್ಡಿಗೆ ಒಂದು ಪಾಯಿಂಟ್ ಹಾಕಲು ಮರೆಯಬೇಡಿ. ಸಿಡಿಲಿಗೆ ಪ್ರತಿರೋಧವಿಲ್ಲದ ಶತ್ರುವಿನಲ್ಲಿ ಆ ಕ್ಷಣಕ್ಕೆ ಉಳಿದಿರುವ ಜೀವದ ಕಾಲುಭಾಗವನ್ನು ಅದು ಪ್ರತಿ ಏಟಿಗೂ ಕಿತ್ತುಕೊಳ್ಳುತ್ತದೆ. ಹೆಲ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸದು. ಆದರೂ ಮೂರು ಏಟಿಗೆ ಅರ್ಧ ಕೆಲಸ ಮುಗಿಯುವುದೆಂದರೆ ಕಡಿಮೆಯೇನು ಮಾರಾಯ್ರೇ!

ಕಡಿಯಾಳಿ ಸುತ್ತಿಗೆ:

ನಿಮ್ಮ ದೊಡ್ಡಮ್ಮನ ಮಗನ ಪರವಾಗಿ ಎರಡು ಮಾತು. ಪಾಲಡಿನ್‌ಗೆ 18ನೇ ಲೆವೆಲಿನಲ್ಲಿ ಸಿಗುವ ಬ್ಲೆಸ್ಡ್ ಹ್ಯಾಮರಿನದು ಮ್ಯಾಜಿಕ್ ಬಗೆಯ ಏಟು. ಅದಕ್ಕೆ ಇಮ್ಯೂನ್ ಆಗಿರುವವರು ಬೆರಳೆಣಿಕೆಯಷ್ಟು. ವಿಗರ್ ಮತ್ತು ಬ್ಲೆಸ್ಡ್ ಏಮ್‌ಗಳಿಗೆ ಹಾಕಿದ ಪಾಯಿಂಟುಗಳು ಅದರ ಬಲವನ್ನು ಏರಿಸುತ್ತವೆ, ಚಾಲೂ ಇಟ್ಟುಕೊಂಡ ಕಾನ್ಸಂಟ್ರೇಶನ್ ಆರಾ (ಸುತ್ತಲೂ ಹರಡುವ ಪ್ರಭಾವಲಯ) ಇನ್ನಷ್ಟು ಏರಿಸುತ್ತದೆ. ಆದರೆ ಸುತ್ತಿಗೆ ನೆಟ್ಟಗೆ ಹೋಗುವುದಿಲ್ಲ, ನಿಮ್ಮ ಪಕ್ಕದಿಂದ ಹೊರಟು ಸುತ್ತು ಬಿಚ್ಚುತ್ತಾ ದೂರ ಸರಿಯುತ್ತದೆ. ಹೀಗಾಗಿ ಎದುರಿನವನಿಗೆ ತಾಗಬೇಕಾದರೆ ಎಲ್ಲಿ ನಿಲ್ಲಬೇಕೆಂಬುದನ್ನು ಕೈಯೇ ಕಲಿಯಬೇಕು. ಎರಡನೇ ಆಕ್ಟಿನ ಮ್ಯಾಗಟ್ ಲೇರ್‌ನಂಥ ಇಕ್ಕಟ್ಟಿನ ಸುರಂಗದಲ್ಲಿ ಸುತ್ತಿಗೆಗಳು ಅರ್ಧ ಸುತ್ತು ಮುಗಿಸುವುದರೊಳಗೆ ಗೋಡೆಗೆ ಬಡಿದು ಮಾಯವಾಗುತ್ತವೆ. ಮೇಲಾಗಿ ಸೋರ್ಸರೆಸ್‌ಗಿರುವಂತೆ ಥಟ್ಟನೆ ದೂರಕ್ಕೆ ನೆಗೆಯುವ ಸ್ವಂತ ಟೆಲಿಪೋರ್ಟ್ ಅವನಿಗೆ ಇಲ್ಲ. ಸೋರ್ಸರೆಸ್‌ನಿಂದ ಒಳ್ಳೆಯ ಕವಚ ಕೂಡಿಸಿ, ನಿಮ್ಮ ಎಲ್ಲ ಪಾತ್ರಗಳೂ ಬಳಸುವ ಹಂಚಿಕೆಯ ಪೆಟ್ಟಿಗೆಯ ಮೂಲಕ ಅವನಿಗೆ ದಾಟಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಕುಂದಾಪ್ರದ ಎಲುಬು:

ಬರಿಗೈಯಲ್ಲಿರುವವರಿಗೆ ನೆಕ್ರೋಮ್ಯಾನ್ಸರ್‌ಗಿಂತ ಒಳ್ಳೆಯವನಿಲ್ಲ. ಅಸ್ಥಿಪಂಜರಗಳ ದಂಡನ್ನು ಎಬ್ಬಿಸಿ, ಶತ್ರುಗಳ ಮೇಲೆ ಆಂಪ್ಲಿಫೈ ಡ್ಯಾಮೇಜ್ ಶಾಪ ಹಾಕಿದರೆ ಮೊದಲ ಹೆಣ ಬೀಳುವವರೆಗೆ ಕಾದರೆ ಸಾಕು. ಹೆಣವನ್ನು ಸಿಡಿಸುವ ಕಾರ್ಪ್ಸ್ ಎಕ್ಸ್‌ಪ್ಲೋಶನ್ ಆ ಹೆಣದ ಮೂಲ ಜೀವಬಲವನ್ನೇ ಲೆಕ್ಕ ಹಿಡಿಯುವುದರಿಂದ, ಹೆಲ್‌ನಲ್ಲಿ ಶತ್ರುಗಳು ಬಲಿತಷ್ಟೂ ಸ್ಫೋಟವೂ ಬಲಿಯುತ್ತದೆ. ಹೆಣಗಳೇ ಸಿಗದ ಬಾಸ್ ಕಾಳಗದಲ್ಲಿ ಮಾತ್ರ ಆಟ ತೆವಳುತ್ತದೆ. ನಮ್ಮೂರಿನ ಮಳೆಗಾಲದ ನೆಟ್ ನಂಬಿಕೊಂಡು, ಒಮ್ಮೆ ಸತ್ತರೆ ಮುಗಿಯಿತು ಎನ್ನುವ ಹಾರ್ಡ್‌ಕೋರ್ ಆಡುವ ಧೈರ್ಯ ನನಗಿಲ್ಲ. ಆಡುವುದೇ ಆದರೆ ನನ್ನ ಮುಂದೆ ಆ ಎಲುಬಿನ ಬೇಲಿ ಇರಲೇಬೇಕು.

ಬಿಜೈ ಬೆಂಕಿ:

ಎಲ್ಲರಿಗೂ ಧನ್ಯವಾದಗಳು. ಅಕಾರಾಳ ಅವಕಾಶಗಳನ್ನು ನಾನಿನ್ನೂ ಮುಟ್ಟಿರಲಿಲ್ಲ. ಮೀಟಿಯರ್ ಮತ್ತು ಆರ್ಬ್ ಜೋಡಿಯನ್ನೇ ಮಾಡುತ್ತೇನೆ. ಆದರೆ ಬೆಂಕಿಗೂ ಚಳಿಗೂ ಜಗ್ಗದವನು ಎದುರಾದರೆ ಏನು ಮಾಡಬೇಕು?

ಮಲ್ಪೆ ಪಡುಗಾಳಿ:

ಅಂಥವನನ್ನು ಬಾಡಿಗೆ ಭಟನಿಗೆ ಬಿಡಿ. ಎರಡನೇ ಆಕ್ಟಿನ ಲುಟ್ ಘೋಲೈನಿನಲ್ಲಿ ಗ್ರೈಜ್ ಎಂಬವನ ಬಳಿ ಸಿಗುವ ಈಟಿಯವರಲ್ಲಿ ಹೋಲಿ ಫ್ರೀಜ್ ಆರಾ ಇರುವವನನ್ನು ಆರಿಸಿ. ಅವನ ಈಟಿಯ ಏಟು ದೈಹಿಕ ಬಗೆಯದು, ಬೆಂಕಿ, ಚಳಿಗಳ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆಂದು ಎತ್ತಿಟ್ಟ ಆಯುಧಗಳಲ್ಲಿ ದೊಡ್ಡ ಏಟಿನ ಈಟಿ ಇದ್ದರೆ ಅವನಿಗೆ ಕೊಡಿ, ಹೊಡೆದಾಗ ಜೀವ ಹೀರುವ ಶಿರಸ್ತ್ರಾಣವೊಂದನ್ನು ತೊಡಿಸಿ. ಅದಿಲ್ಲದೆ ಹೆಲ್‌ಗೆ ಇಳಿಸಿದರೆ ಅವನನ್ನು ಬದುಕಿಸುವುದಕ್ಕೇ ನಿಮ್ಮ ಚಿನ್ನವೆಲ್ಲ ಖರ್ಚಾಗುತ್ತದೆ.