ಪೋಸ್ಟ್‌ಗ್ರೆಸ್ ಎಸ್‌ಕ್ಯೂಎಲ್ ಇಂಜೆಕ್ಷನ್: ಸರ್ವರ್ ಮಾತ್ರ ಅಪ್‌ಡೇಟ್ ಮಾಡಿದರೆ ಸಾಕಾ?

ಬದಿಯಡ್ಕ_ಬ್ಯಾಕೆಂಡ್:
ಕಾಸರಗೋಡಿನ ಒಂದು ಅಡಿಕೆ ಬೆಳೆಗಾರರ ಸಂಘದ ಡೇಟಾಬೇಸ್, ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) 15.8, ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ). ಸದಸ್ಯರ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಉಂಟು. ವೆಬ್ ಫಾರ್ಮಿನಿಂದ ಬಂದ ಹೆಸರನ್ನು ಒಂದು ಸಿ ಪ್ರೋಗ್ರಾಮ್ ಪಿಕ್ಯೂಎಸ್ಕೇಪ್‌ಲಿಟರಲ್ ಫಂಕ್ಷನ್ ಮೂಲಕ ಎಸ್ಕೇಪ್ ಮಾಡಿ (ಒಳಗಿನ ಉದ್ಧರಣ ಚಿಹ್ನೆಯನ್ನು ಎರಡಾಗಿಸಿ) ಎಸ್‌ಕ್ಯೂಎಲ್ ಕಮಾಂಡ್‌ಗಳ ಫೈಲಿಗೆ ಬರೆಯುತ್ತದೆ. ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್) ಆ ಫೈಲನ್ನು ಪೋಸ್ಟ್‌ಗ್ರೆಸ್‌ನ ಕಮಾಂಡ್‌ಲೈನ್ ಪ್ರೋಗ್ರಾಮ್ ಪಿಎಸ್‌ಕ್ಯೂಎಲ್‌ಗೆ ಕೊಡುತ್ತದೆ. ಸಿವಿಇ-2025-1094 ಎಂಬ ಭದ್ರತಾ ದೋಷಕ್ಕಾಗಿ (ಹೊರಗಿನವರು ತಮ್ಮ ಎಸ್‌ಕ್ಯೂಎಲ್ ತೂರಿಸುವ ಇಂಜೆಕ್ಷನ್) ಸರ್ವರನ್ನು 15.11ಕ್ಕೆ ಏರಿಸಿದರೆ ಸಾಕಾ? ಹುಡುಕಾಟಕ್ಕೆ ಸೆಕ್ಯುರಿಟಿ ಡಿಫೈನರ್ ಫಂಕ್ಷನ್ ಒಂದು ಉಂಟು. ಟೇಬಲ್ ಹೆಸರು, ಸದಸ್ಯರ ಹೆಸರು ಎರಡನ್ನೂ ಸ್ಟ್ರಿಂಗಿಗೆ ಅಂಟಿಸಿ ಎಕ್ಸಿಕ್ಯೂಟ್ ಮಾಡುತ್ತದೆ. ಅದನ್ನೂ ಮುಟ್ಟಬೇಕಾ?

ಕುಂಬಳೆ_ಡಿಬಿಎ:
ಸಾಲದು. ದೋಷ ಇರುವುದು ಪೋಸ್ಟ್‌ಗ್ರೆಸ್‌ನ ಸಿ ಕ್ಲೈಂಟ್ ಲೈಬ್ರರಿ ಲಿಬ್‌ಪಿಕ್ಯೂದಲ್ಲಿ, ಅಂದರೆ ಆ ಸಿ ಪ್ರೋಗ್ರಾಮ್ ಓಡುವ ಯಂತ್ರದಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್, ಮೊದಲನೆಯದು ಇ0. ಇ0, ಬಿ2 ಎರಡೇ ಬೈಟ್ ಕಳಿಸಿ ಮೂರನೆಯದರ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಇಟ್ಟರೆ, ಹಳೆಯ ಫಂಕ್ಷನ್ ಅದನ್ನು ಅಕ್ಷರದ ಭಾಗವೆಂದು ತಿಳಿದು ದ್ವಿಗುಣಗೊಳಿಸದೆ ಬಿಡುತ್ತದೆ. ಪಿಎಸ್‌ಕ್ಯೂಎಲ್‌ಗೆ ಅದು ಬರೀ ಉದ್ಧರಣ ಚಿಹ್ನೆ, ಸ್ಟ್ರಿಂಗ್ ಅಲ್ಲಿಗೇ ಮುಗಿಯಿತು.

ಡ್ರೈವರಿನಿಂದ (ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಲೈಬ್ರರಿ) ನೇರ ಕಳಿಸಿದ್ದರೆ ಕೆಟ್ಟ ಬೈಟ್ ಕಂಡ ಸರ್ವರ್ ಇಡೀ ಕ್ವೆರಿಯನ್ನು ತಳ್ಳಿಹಾಕುತ್ತಿತ್ತು. ಪಿಎಸ್‌ಕ್ಯೂಎಲ್ ಹಾಗಲ್ಲ, ಅರ್ಧವಿರಾಮ ಕಂಡಲ್ಲಿ ತುಂಡು ಮಾಡಿ ಒಂದೊಂದಾಗಿ ಕಳಿಸುತ್ತದೆ. ಮೊದಲನೆಯದು ಎರರ್ ಆದರೂ ಎರಡನೆಯದು ಓಡುತ್ತದೆ. ಬ್ಯಾಕ್‌ಸ್ಲ್ಯಾಶ್ ಜೊತೆ ಆಶ್ಚರ್ಯ ಚಿಹ್ನೆ ಸೇರಿಸಿದರೆ ಶೆಲ್ ಕಮಾಂಡೇ ಓಡುತ್ತದೆ. ಹಾಗಾಗಿ ನಿಮ್ಮ ಕ್ರಾನ್ ದಾರಿಯೇ ಅತಿ ಅಪಾಯದ್ದು.

ಲಿಬ್‌ಪಿಕ್ಯೂ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿದ್ದರೆ (ಪ್ರೋಗ್ರಾಮಿನೊಳಗೇ ಸೇರಿಹೋಗಿದ್ದರೆ) ಪ್ರೋಗ್ರಾಮನ್ನು ಮತ್ತೆ ಬಿಲ್ಡ್ ಮಾಡಲೇಬೇಕು. ಪೈಥಾನ್‌ನ ಡ್ರೈವರ್ ಸೈಕೋಪಿಜಿ2-ಬೈನರಿ ತನ್ನದೇ ಲಿಬ್‌ಪಿಕ್ಯೂ ಹೊತ್ತು ತರುತ್ತದೆ, ಅದನ್ನೂ ಬೇರೆಯಾಗಿ ನೋಡಿ. ಜಾವಾದ ಜೆಡಿಬಿಸಿ ಡ್ರೈವರ್ ಲಿಬ್‌ಪಿಕ್ಯೂ ಬಳಸುವುದಿಲ್ಲ. ಪರಿಹಾರ ಬಂದದ್ದು 15.11ರಲ್ಲಿ, 2025ರ ಫೆಬ್ರವರಿ 13ರಂದು. ಅದರಲ್ಲೇ ಹೊಸ ತೊಂದರೆ ಸೇರಿಕೊಂಡು ಒಂದು ವಾರಕ್ಕೆ 15.12 ಬಂತು, 15.11ರಲ್ಲಿ ನಿಲ್ಲಬೇಡಿ. ಈಗ ಕೆಟ್ಟ ಬೈಟ್ ಬಂದರೆ ಫಂಕ್ಷನ್ ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ, ಅದನ್ನು ಪರೀಕ್ಷಿಸದಿದ್ದರೆ ನಿಮ್ಮ ಪ್ರೋಗ್ರಾಮ್ ಕ್ರ್ಯಾಶ್ ಆದೀತು. ಫೈಲಿನ ದಾರಿ ಬಿಟ್ಟು ಪಿಕ್ಯೂಎಕ್ಸೆಕ್‌ಪ್ಯಾರಾಮ್ಸ್‌ನಲ್ಲಿ ಹೆಸರನ್ನು ಪ್ಯಾರಾಮೀಟರ್ ಆಗಿ, ಅಂದರೆ ಕ್ವೆರಿಯಿಂದ ಬೇರೆಯಾಗಿ ಕಳಿಸುವುದೇ ಒಳ್ಳೆಯದು.

ಮುಳ್ಳೇರಿಯ_ಕೋಡರ್:
ಆ ಫಂಕ್ಷನನ್ನು ಇವತ್ತೇ ಸರಿಮಾಡಿ ಅಣ್ಣ, ಯಾವ ಪ್ಯಾಚೂ ಅದನ್ನು ಕಾಯುವುದಿಲ್ಲ. ಸೆಕ್ಯುರಿಟಿ ಡಿಫೈನರ್ ಅಂದರೆ ಕರೆದವನ ಹಕ್ಕಲ್ಲ, ಫಂಕ್ಷನ್ ಮಾಲಕನ ಹಕ್ಕು. ಮಾಲಕ ಸೂಪರ್‌ಯೂಸರ್ (ಎಲ್ಲ ಹಕ್ಕೂ ಇರುವವ) ಆಗಿದ್ದರೆ ಇಂಜೆಕ್ಷನ್ ಮಾಡಿದವನ ಕೈಗೆ ಇಡೀ ಸರ್ವರ್ ಸಿಕ್ಕಿದಂತೆ.

ಸದಸ್ಯರ ಹೆಸರನ್ನು ಅಂಟಿಸಬೇಡಿ, ಅದರ ಜಾಗದಲ್ಲಿ ಡಾಲರ್ 1 ಇಟ್ಟು ಹೆಸರನ್ನು ಎಕ್ಸಿಕ್ಯೂಟ್‌ನ ಯೂಸಿಂಗ್ ಭಾಗದಲ್ಲಿ ಕೊಡಿ. ಟೇಬಲ್ ಹೆಸರು ಪ್ಯಾರಾಮೀಟರ್ ಆಗುವುದಿಲ್ಲ. ಅದಕ್ಕೆ ಫಾರ್ಮ್ಯಾಟ್ ಫಂಕ್ಷನ್‌ನ ಪರ್ಸೆಂಟ್ ಐ ಎಂಬ ಗುರುತು ಬಳಸಿ. ಆದರೆ ಅದು ಉದ್ಧರಣವನ್ನು ಮಾತ್ರ ಸರಿಮಾಡುತ್ತದೆ, ಬಳಕೆದಾರ ಸಾಲದ ಲೆಕ್ಕದ ಟೇಬಲನ್ನೇ ಕೇಳಿದರೆ ತಡೆಯುವುದಿಲ್ಲ. ಅನುಮತಿ ಇರುವ ಟೇಬಲ್‌ಗಳ ಪಟ್ಟಿಯ ಜೊತೆ ಹೋಲಿಸಿಯೇ ಮುಂದೆ ಬಿಡಿ. ಸರ್ಚ್ ಪಾತ್ (ಹೆಸರುಗಳನ್ನು ಯಾವ ಸ್ಕೀಮಾಗಳಲ್ಲಿ ಹುಡುಕಬೇಕು ಎಂಬ ಪಟ್ಟಿ) ಫಂಕ್ಷನ್ನಿನಲ್ಲೇ ಕಟ್ಟಿಹಾಕಿ, ತಾತ್ಕಾಲಿಕ ಟೇಬಲ್‌ಗಳ ಪಿಜಿ_ಟೆಂಪ್ ಕೊನೆಗೆ ಬರಲಿ. ಹೊಸ ಫಂಕ್ಷನ್‌ಗೆ ಎಕ್ಸಿಕ್ಯೂಟ್ ಹಕ್ಕು ತನ್ನಿಂದ ತಾನೇ ಪಬ್ಲಿಕ್‌ಗೆ, ಅಂದರೆ ಎಲ್ಲರಿಗೂ ಸಿಗುತ್ತದೆ, ಅದನ್ನು ರಿವೋಕ್ ಮಾಡಿ (ಹಿಂತೆಗೆದು) ಬೇಕಾದ ರೋಲಿಗೆ ಮಾತ್ರ ಕೊಡಿ.

ಕುಂಬಳೆ_ಡಿಬಿಎ:
ಮೇಲಿನದು ಪೂರ್ತಿ ಸರಿ. ಇನ್ನೊಂದು: ಏರಿಸುವುದೇ ಆದರೆ 15.14 ಅಥವಾ ಅದರ ನಂತರದ್ದಕ್ಕೆ ಏರಿಸಿ. ಸಿವಿಇ-2025-8715 ಎಂಬ ಇನ್ನೊಂದು ದೋಷದಲ್ಲಿ ಟೇಬಲ್‌ನಂಥ ಆಬ್ಜೆಕ್ಟಿನ ಹೆಸರಿನೊಳಗೆ ಹೊಸಸಾಲು ತುರುಕಿದರೆ, ಪಿಜಿ_ಡಂಪ್ ಪ್ರೋಗ್ರಾಮ್ ತೆಗೆದ ಬ್ಯಾಕಪ್ ರಿಸ್ಟೋರ್ ಮಾಡುವಾಗ ಆ ಸಾಲು ಕಮಾಂಡ್ ಆಗಿ ಓಡುತ್ತದೆ. ಹಳೆಯ ಡಂಪ್ ರಿಸ್ಟೋರ್ ಮಾಡುವ ಮುಂಚೆ ಅದನ್ನು ತೆಗೆದ ಡೇಟಾಬೇಸಿನಲ್ಲಿ ಪಿಜಿ_ಕ್ಲಾಸ್‌ನ (ಟೇಬಲ್ ಮುಂತಾದವುಗಳ ಪಟ್ಟಿ) ರೆಲ್‌ನೇಮ್ ಎಂಬ ಹೆಸರಿನ ಕಾಲಮ್‌ನಲ್ಲಿ ಹೊಸಸಾಲು ಉಂಟಾ ಎಂದು ಹುಡುಕಿ ನೋಡಿ.