ಎಲ್ಲವನ್ನೂ ಕ್ಲಿಯರ್ ಮಾಡಿ ಅಂತ ಬಂದ ಮೆಸೇಜು

ಗುಂಪು: ತೋಟದ ಮನೆ

ಭಾನುವಾರ ರಾತ್ರಿ 9:10

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ನಿಮ್ಮ ಮೊಬೈಲ್, ಲ್ಯಾಪ್‌ಟಾಪ್ ನಿಧಾನವೇ? ಪ್ರತಿದಿನ ಮಲಗುವ ಮುನ್ನ ಬ್ರೌಸರ್‌ನ ಎಲ್ಲಾ ಡೇಟಾ ಕ್ಲಿಯರ್ ಮಾಡಿ. ಎಲ್ಲಾ ಬಾಕ್ಸ್‌ಗೂ ಟಿಕ್ ಹಾಕಿ, ಆಲ್ ಟೈಮ್ ಆರಿಸಿ. ಬ್ಯಾಂಕ್ ಕೆಲಸ ಇನ್‌ಕಾಗ್ನಿಟೋದಲ್ಲೇ (ಬ್ರೌಸರ್‌ನ ಗುಪ್ತ ಕಿಟಕಿಯಲ್ಲೇ) ಮಾಡಿ, ಯಾರಿಗೂ ಏನೂ ಕಾಣುವುದಿಲ್ಲ. ಅಪ್‌ಡೇಟ್ ಆಫ್ ಮಾಡಿ, ಸ್ಲೋ ಆಗುವುದು ಅದರಿಂದಲೇ. ಕೆಳಗಿನ ಲಿಂಕ್‌ನಿಂದ ಕ್ಲೀನರ್ ಆಪ್ ಹಾಕಿಕೊಳ್ಳಿ. ನಿಮ್ಮವರಿಗೆಲ್ಲ ತಿಳಿಸಿ.

ದೊಡ್ಡಪ್ಪ: ಎಲ್ಲರೂ ಇವತ್ತೇ ಮಾಡಿ. ನಾನು ಬ್ರೌಸರ್ ಕ್ಲಿಯರ್ ಮಾಡಿದೆ, ಫೋನ್ ಹಗುರಾಗಿದೆ.

ಹಾಸನದ ಅತ್ತೆ: ಒಳ್ಳೇ ಕೆಲಸ ಮಾಡಿದೆ ಅಣ್ಣ. ನನ್ನ ಫೋನಿಗೆ ದಿನಾ ಸಂಜೆ 5 ವೈರಸ್ ಇದೆ ಅಂತ ಬರುತ್ತಿದೆ. ಆ ಆಪ್ ಬೇಕೇ ಬೇಕು.

ಚಿಕ್ಕಮ್ಮ: ಲ್ಯಾಪ್‌ಟಾಪ್‌ನಲ್ಲಿ ಮಾಡಿದೆ ಭಾವ. ಎಲ್ಲದಕ್ಕೂ ಟಿಕ್ ಹಾಕಿದೆ.

ಸೋಮವಾರ ಬೆಳಿಗ್ಗೆ 8:25

ಚಿಕ್ಕಮ್ಮ: ಪುಷ್ಯ ಮಳೆ ಜೋರಾಗಿದೆ. ಇವತ್ತಿನದು 3 ಇಂಚು 40 ಸೆಂಟ್ (ನೂರು ಸೆಂಟಿಗೆ ಒಂದು ಇಂಚು). ನಮ್ಮ ಮಳೆ ಲೆಕ್ಕದ ಬ್ಲಾಗಿಗೆ ಹಾಕೋಣ ಅಂದರೆ ಪಾಸ್‌ವರ್ಡ್ ಕೇಳುತ್ತಿದೆ. ನಿಮ್ಮ ಚಿಕ್ಕಪ್ಪ ಇದ್ದಾಗ ಸೆಟ್ ಮಾಡಿ ಕೊಟ್ಟಿದ್ದರು, ಇವತ್ತಿನವರೆಗೆ ಒಂದು ಸಲವೂ ಕೇಳಿರಲಿಲ್ಲ. ಮರೆತಿದ್ದೇನೆ ಅಂತ ಒತ್ತಿದರೆ ಅವರ ಹಳೇ ನಂಬರಿಗೆ ಓಟಿಪಿ ಕಳಿಸುತ್ತೇವೆ ಅನ್ನುತ್ತಿದೆ. ಆ ಸಿಮ್ ಈಗ ಇಲ್ಲ.

ನಾನು: ಚಿಕ್ಕಮ್ಮ, ಇನ್ನು ಏನನ್ನೂ ಒತ್ತಬೇಡಿ. ತಪ್ಪು ಪಾಸ್‌ವರ್ಡ್ ಪದೇ ಪದೇ ಹಾಕಿದರೆ ಖಾತೆ ಇನ್ನೂ ಗಟ್ಟಿಯಾಗಿ ಬೀಗ ಹಾಕಿಕೊಳ್ಳುತ್ತದೆ. ಅತ್ತೆ, ಆ ಲಿಂಕ್ ಒತ್ತಿಲ್ಲ ತಾನೆ?

ಹಾಸನದ ಅತ್ತೆ: ಇಲ್ಲ, ನೆಟ್ ಸಿಗಲಿಲ್ಲ. ಯಾಕೆ?

ನಾನು: ಆ ಲಿಂಕ್ ಪ್ಲೇ ಸ್ಟೋರಿಗೆ ಹೋಗುವುದಿಲ್ಲ. ಅದರ ಕೊನೆಯಲ್ಲಿ ಎಪಿಕೆ ಅಂತ ಇದೆ ನೋಡಿ. ಎಪಿಕೆ ಅಂದರೆ ಆಪ್‌ನ ಫೈಲು. ಅದನ್ನು ನೇರವಾಗಿ ಫೋನಿಗೆ ಇಳಿಸುತ್ತಾರೆ. ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡ ಅಂತ ಇದೇ ತರದ ಫೈಲು ವಾಟ್ಸಾಪ್‌ನಲ್ಲಿ ಬರುತ್ತವೆ. ಹಾಕಿಕೊಂಡ ಮೇಲೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಓಟಿಪಿ ಕಳ್ಳರ ಕೈಗೆ ಹೋಯಿತು ಅಂತಲೇ. ಯಾರಾದರೂ ಹಾಕಿಕೊಂಡಿದ್ದರೆ ಈಗಲೇ ಹೇಳಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ದೊಡ್ಡಪ್ಪ: ಆಪ್ ವಿಷಯ ಒಪ್ಪಿದೆ. ಆದರೆ ಕ್ಲಿಯರ್ ಮಾಡುವುದರಲ್ಲಿ ಏನು ತಪ್ಪು ಪುಟ್ಟಿ? ಕೊಂಬೆ ಸವರಿ ಮರಗಸಿ ಮಾಡದಿದ್ದರೆ ತೋಟಕ್ಕೆ ಬೆಳಕು ಬೀಳುತ್ತದಾ? ಕಸ ತೆಗೆಯಲೇಬೇಕು.

ನಾನು: ಮರಗಸಿ ಮಾಡಿಸುವಾಗ ನೀವೇ ಮರದ ಕೆಳಗೆ ನಿಂತು ಈ ಕೊಂಬೆ, ಆ ಕೊಂಬೆ ಅಂತ ತೋರಿಸುತ್ತೀರಿ ದೊಡ್ಡಪ್ಪ. ಈ ಮೆಸೇಜ್ ಮರವನ್ನೇ ಕಡಿಯಲು ಹೇಳುತ್ತಿದೆ. ಆ ಪಟ್ಟಿಯಲ್ಲಿರುವ ಒಂದೊಂದು ಸಾಲೂ ಬೇರೆ ಬೇರೆ ವಸ್ತು.

ಕ್ಯಾಶೆ ಅಂದರೆ ಮಳೆಗಾಲಕ್ಕೆ ಪೇಟೆಯಿಂದ ತಂದಿಟ್ಟುಕೊಂಡ ದಿನಸಿ. ಒಂದು ಸಲ ನೋಡಿದ ಪುಟದ ಚಿತ್ರ, ಬಣ್ಣ, ವಿನ್ಯಾಸ ಎಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ಕೂತಿರುತ್ತದೆ. ಮತ್ತೆ ತೆರೆದಾಗ ನೆಟ್‌ನಿಂದ ತರಬೇಕಿಲ್ಲ. ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಜಾಸ್ತಿ. ಅಲ್ಲಿ ದಿನಾ ಕ್ಯಾಶೆ ಅಳಿಸಿದರೆ ದಿನಾ ಹೊಸದಾಗಿ ತರಬೇಕು. ಪುಟ ತೆರೆಯುವುದು ಇನ್ನೂ ನಿಧಾನವಾಗುತ್ತದೆ.

ಕುಕೀ ಅಂದರೆ ಗೇಟಿನಲ್ಲಿ ಕೊಟ್ಟ ಚೀಟಿ. ಅದು ಇರುವವರೆಗೆ "ಇವರು ನಮ್ಮವರು" ಅಂತ ಒಳಗೆ ಬಿಡುತ್ತಾರೆ. ಚಿಕ್ಕಮ್ಮನಿಗೆ ಇಷ್ಟು ವರ್ಷ ಪಾಸ್‌ವರ್ಡ್ ಕೇಳದೇ ಇದ್ದದ್ದು ಆ ಚೀಟಿಯಿಂದ. ನಿನ್ನೆ ರಾತ್ರಿ ಅದು ಹೋಯಿತು.

ಮೂರನೆಯದು ಸೇವ್ ಮಾಡಿದ ಪಾಸ್‌ವರ್ಡ್. ಅದಕ್ಕೆ ಸುಮ್ನೆ ಟಿಕ್ ಹಾಕಬಾರದು. ಸಿಂಕ್, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ನಲ್ಲೂ ಒಂದೇ ಮಾಹಿತಿ ಇಡುವ ವ್ಯವಸ್ಥೆ, ಆನ್ ಇದ್ದವರು ಒಂದು ಕಡೆ ಅಳಿಸಿದರೆ ಆ ಖಾತೆ ಇರುವ ಬೇರೆ ಫೋನ್, ಕಂಪ್ಯೂಟರ್‌ನಲ್ಲೂ ಅಳಿಸಿ ಹೋಗುತ್ತದೆ.

ದೊಡ್ಡಪ್ಪ: ಹಾಗಾದರೆ ನನ್ನ ಫೋನ್ ಹಗುರಾಗಿದ್ದು ಸುಳ್ಳಾ?

ನಾನು: ಸುಳ್ಳಲ್ಲ. ಫೋನಿನ ಜಾಗ ಪೂರ್ತಿ ತುಂಬಿದ್ದರೆ ಕ್ಯಾಶೆ ತೆಗೆದಾಗ ಸ್ವಲ್ಪ ದಿನ ಉಸಿರಾಡುತ್ತದೆ. ಯಾವುದಾದರೂ ಪುಟ ಸರಿಯಾಗಿ ತೆರೆಯದೆ ಹಳೆಯದೇ ತೋರಿಸುತ್ತಿದ್ದರೂ ಕ್ಯಾಶೆ ತೆಗೆಯಬಹುದು. ಕಂಪ್ಯೂಟರ್‌ನಲ್ಲಾದರೆ ಅದೂ ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಆರ್ ಮೂರೂ ಒಟ್ಟಿಗೆ ಒತ್ತಿದರೆ ಆ ಒಂದು ಪುಟ ಮಾತ್ರ ಹೊಸದಾಗಿ ಬರುತ್ತದೆ. ಆದರೆ ದಿನಾ ರಾತ್ರಿ, ಎಲ್ಲಾ ಬಾಕ್ಸ್, ಆಲ್ ಟೈಮ್? ಬೇಡವೇ ಬೇಡ.

ಅಣ್ಣ: ಇನ್‌ಕಾಗ್ನಿಟೋ ವಿಷಯದಲ್ಲಿ ಅಪ್ಪ ಕಳಿಸಿದ್ದು ಸರಿಯೇ ಇದೆಯಲ್ಲ. ನಾನೂ ಅದರಲ್ಲೇ ಮಾಡುವುದು.

ನಾನು: ಅರ್ಧ ಸರಿ ಅಣ್ಣ. ಬೇರೆಯವರ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವಾಗ ಒಳ್ಳೆಯದು. ಎಲ್ಲ ಕಿಟಕಿ ಮುಚ್ಚಿದ ಮೇಲೆ ನಿನ್ನ ಲಾಗಿನ್, ನೀನು ನೋಡಿದ ಪುಟಗಳ ಪಟ್ಟಿ ಅಲ್ಲಿ ಉಳಿಯುವುದಿಲ್ಲ. ಆದರೆ ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಯಾವ ಸೈಟಿಗೆ ಹೋದೆ ಅಂತ ಗೊತ್ತಾಗುತ್ತದೆ. ಡೌನ್‌ಲೋಡ್ ಮಾಡಿದ ಫೈಲ್ ಅಲ್ಲೇ ಇರುತ್ತದೆ. "ಯಾರಿಗೂ ಏನೂ ಕಾಣುವುದಿಲ್ಲ" ಅನ್ನುವುದು ತಪ್ಪು.

ಹಾಸನದ ಅತ್ತೆ: ನನ್ನ ವೈರಸ್ ಕಥೆ ಏನಾಯಿತು?

ನಾನು: ಅತ್ತೆ, ಆ ಮೆಸೇಜಿನ ಮೇಲೆ ಯಾವ ಗುರುತು ಇದೆ? ಕೆಂಪು, ಹಳದಿ, ಹಸಿರಿನ ದುಂಡಗಿನ ಗುರುತಾ?

ಹಾಸನದ ಅತ್ತೆ: ಹೂಂ. ಮಧ್ಯ ನೀಲಿ.

ನಾನು: ಅದು ಕ್ರೋಮ್. ನಿಮ್ಮ ಫೋನನ್ನು ಯಾರೂ ಪರೀಕ್ಷೆ ಮಾಡಿಲ್ಲ. ಯಾವುದೋ ಸೈಟು "ಅಲೋ" ಒತ್ತಿ ಅಂದಾಗ ನೀವು ಒತ್ತಿದ್ದೀರಿ. ಅವತ್ತಿನಿಂದ ಅದು ನೋಟಿಫಿಕೇಶನ್ ಕಳಿಸಿ ಹೆದರಿಸುತ್ತಿದೆ. ಕ್ರೋಮ್‌ನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಗುರುತಿಲ್ಲದ ಹೆಸರುಗಳಿದ್ದರೆ ಒಂದೊಂದಾಗಿ ಬ್ಲಾಕ್ ಮಾಡಿ.

ಹಾಸನದ ಅತ್ತೆ: ಅಯ್ಯೋ, 11 ಇವೆ! ಒಂದೂ ನನಗೆ ಗೊತ್ತಿಲ್ಲ.

ನಾನು: ಹನ್ನೊಂದನ್ನೂ ತೆಗೆಯಿರಿ. ಇವತ್ತು ಸಂಜೆ ಬರುತ್ತದಾ ಹೇಳಿ.

ಅಣ್ಣ: ಇಷ್ಟೆಲ್ಲ ಒದ್ದಾಟ ಯಾಕೆ? ಈ ಕಾಲದಲ್ಲಿ ಬ್ಲಾಗ್ ಯಾರು ಓದುತ್ತಾರೆ? ಮಳೆ ಲೆಕ್ಕ ಇಲ್ಲೇ ಗುಂಪಿನಲ್ಲಿ ಹಾಕಿದರೆ ಸಾಕು.

ಚಿಕ್ಕಮ್ಮ: ಹಾಗನ್ನಬೇಡ ಕಣೋ. ಪಕ್ಕದ ತೋಟದವರು ಕಾಫಿ ಹೂ ಅರಳಿಸುವ ಬ್ಲಾಸಂ ಮಳೆ ಯಾವಾಗ ಎಷ್ಟು ಬಿತ್ತು ಅಂತ ಅಲ್ಲೇ ನೋಡುತ್ತಾರೆ. ಅದಾಗಿ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಟ್ಟಲು ಬೇಕಾದ ಇನ್ನೊಂದು ಮಳೆ, ಸಿಗದಿದ್ದರೆ ನೀರು ಹೊಡೆಯಬೇಕಲ್ಲ, ಅದಕ್ಕೆ ಲೆಕ್ಕ ಬೇಕು. ನಿಮ್ಮ ಅಜ್ಜ ದಿನಾ ಬೆಳಿಗ್ಗೆ ಮಳೆಮಾಪಕದ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆದದ್ದು. ಮಳೆ ಇಲ್ಲದ ದಿನವೂ ಸೊನ್ನೆ ಹಾಕಿ ಸುತ್ತ ಗೆರೆ ಎಳೆಯುತ್ತಿದ್ದರು. ಬ್ಲಾಸಂ ಮಳೆಗೆ ಮಾತ್ರ ಕೆಂಪು ಶಾಯಿ. ಅದನ್ನೆಲ್ಲ ನಿಮ್ಮ ಚಿಕ್ಕಪ್ಪ ರಾತ್ರಿ ಊಟ ಆದ ಮೇಲೆ ಕೂತು ಟೈಪ್ ಮಾಡಿದ್ದು.

ಅಣ್ಣ: ಚಿಕ್ಕಮ್ಮ, ತಪ್ಪಾಯಿತು. ನಾನು ಹಾಗೆ ಯೋಚಿಸಿರಲಿಲ್ಲ.

ದೊಡ್ಡಪ್ಪ: ನನ್ನ ತಮ್ಮ ಮಾಡಿಟ್ಟದ್ದು ನನ್ನ ಒಂದು ಮೆಸೇಜಿನಿಂದ ಹೋಯಿತಾ? ಪುಟ್ಟಿ, ಏನಾದರೂ ದಾರಿ ಇದೆಯಾ ಹೇಳು.

ನಾನು: ದೊಡ್ಡಪ್ಪ, ಬ್ಲಾಗ್ ಎಲ್ಲಿಗೂ ಹೋಗಿಲ್ಲ. ಅದು ಗೂಗಲ್‌ನ ಕಂಪ್ಯೂಟರ್‌ಗಳಲ್ಲಿದೆ, ಈಗಲೂ ಯಾರು ಬೇಕಾದರೂ ಓದಬಹುದು. ನಮ್ಮ ಹತ್ತಿರ ಇದ್ದ ಕೀಲಿ ಮಾತ್ರ ಕಳೆದಿದೆ. ಚಿಕ್ಕಮ್ಮ, ತೋಟದ ಆಫೀಸ್ ರೂಮಿನ ಹಳೇ ಕಂಪ್ಯೂಟರ್ ಇನ್ನೂ ಇದೆಯಾ? ಅದರಲ್ಲಿ ಏನೂ ಕ್ಲಿಯರ್ ಮಾಡಿಲ್ಲ ತಾನೆ?

ಚಿಕ್ಕಮ್ಮ: ಇದೆ. ಯುಗಾದಿಗೆ ಒಮ್ಮೆ ಆನ್ ಮಾಡಿದ್ದೆ. ಆದರೆ ಈಗ ಕರೆಂಟ್ ಇಲ್ಲ. ಮರ ಬಿದ್ದಿದೆಯಂತೆ, ಮಧ್ಯಾಹ್ನ ಬರಬಹುದು.

ನಾನು: ಪರವಾಗಿಲ್ಲ. ಕರೆಂಟ್ ಹೋದರೆ ಅದರೊಳಗಿನದು ಅಳಿಯುವುದಿಲ್ಲ. ಕಾಯೋಣ.

ಮಧ್ಯಾಹ್ನ 2:50

ಚಿಕ್ಕಮ್ಮ: ಬಂತು. ಆನ್ ಮಾಡಿದೆ. ಬ್ಲಾಗ್ ತಾನೇ ತೆರೆದುಕೊಂಡಿತು, ಏನೂ ಕೇಳಲಿಲ್ಲ!

ನಾನು: ಅಬ್ಬಾ! ಚೀಟಿ ಅಲ್ಲಿ ಉಳಿದಿದೆ. ಈಗ ನಿಧಾನವಾಗಿ ಮಾಡೋಣ. ಬ್ಲಾಗ್‌ನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಅಂತ ಒಂದು ಭಾಗ ಇದೆ. ಅಲ್ಲಿ ಹೊಸ ಲೇಖಕರನ್ನು ಕರೆಯುವ ಜಾಗದಲ್ಲಿ ನನ್ನ ಇಮೇಲ್ ಹಾಕಿ. ನಾನು ಒಪ್ಪಿಕೊಂಡ ಮೇಲೆ ನನ್ನ ಹೆಸರಿನ ಮುಂದೆ ಆಥರ್ ಇರುವುದನ್ನು ಅಡ್ಮಿನ್ ಅಂತ ಬದಲಾಯಿಸಿ. ಆಮೇಲೆ ನಿಮ್ಮ ಸ್ವಂತ ಇಮೇಲ್‌ಗೂ ಹಾಗೇ ಮಾಡಿ. ಚಿಕ್ಕಪ್ಪನ ಪಾಸ್‌ವರ್ಡ್ ಸಿಗದೇ ಹೋದರೂ ಬ್ಲಾಗ್ ನಮ್ಮ ಕೈಯಲ್ಲಿರುತ್ತದೆ.

ಚಿಕ್ಕಮ್ಮ: ಕಳಿಸಿದೆ. ನೋಡು.

ನಾನು: ಬಂತು, ಒಪ್ಪಿದೆ. ಈಗ ಅಡ್ಮಿನ್ ಮಾಡಿ. ಅದಾದ ಮೇಲೆ ಆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ಸ್ ಅಂತ ಹುಡುಕಿ. ಸೇವ್ ಆಗಿದ್ದರೆ ಪಕ್ಕದಲ್ಲಿ ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಅಕ್ಷರ ಕಾಣುತ್ತದೆ.

ಚಿಕ್ಕಮ್ಮ: ಸಿಕ್ಕಿತು!!

ಅಣ್ಣ: ಇಲ್ಲೇ ಹಾಕಿ ಚಿಕ್ಕಮ್ಮ, ಎಲ್ಲರ ಹತ್ತಿರ ಇರಲಿ.

ನಾನು: ಬೇಡ! ಗುಂಪಿನಲ್ಲಿ ಪಾಸ್‌ವರ್ಡ್ ಹಾಕಲೇಬಾರದು. ಇಲ್ಲಿರುವ ಯಾವ ಫೋನ್ ಕಳೆದರೂ ಅದು ಕಳ್ಳರ ಕೈಗೆ ಹೋಗುತ್ತದೆ. ಚಿಕ್ಕಮ್ಮ, ಕಾಗದದಲ್ಲಿ ಬರೆದು ಬೀರುವಿನಲ್ಲಿ ಅಜ್ಜನ ಮಳೆ ನೋಟ್‌ಬುಕ್ ಜೊತೆ ಇಡಿ. ಆಮೇಲೆ ಖಾತೆಯಲ್ಲಿ ಚಿಕ್ಕಪ್ಪನ ನಂಬರ್ ತೆಗೆದು ನಿಮ್ಮದು ಹಾಕೋಣ. ಸಿಮ್ 90 ದಿನ ಬಳಸದೇ ಇದ್ದರೆ ಕಂಪನಿಯವರು ನಿಲ್ಲಿಸಬಹುದು, ಮುಂದೆ ಆ ನಂಬರ್ ಬೇರೆಯವರಿಗೆ ಸಿಗುತ್ತದೆ. ಓಟಿಪಿ ಅವರಿಗೆ ಹೋಗುತ್ತದೆ.

ಮತ್ತೊಂದು ವಿಷಯ, ಇದು ಎಲ್ಲರಿಗೂ. 2 ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಅಳಿಸುವುದು ಶುರುವಾಗಿದೆ. ಹಳೇ ಫೋಟೊ ಇರುವ ಖಾತೆ ಯಾರ ಹತ್ತಿರ ಇದೆಯೋ ಅವರು ಒಮ್ಮೆ ತೆರೆದು ನೋಡಿ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. ನಾವು ಇಷ್ಟು ತಿಂಗಳು ತೆರೆಯದಿದ್ದರೆ ಯಾರಿಗೆ ತಿಳಿಸಬೇಕು, ಅವರಿಗೆ ಏನೇನು ಸಿಗಬೇಕು ಅಂತ ಈಗಲೇ ಬರೆದಿಡಬಹುದು. ಚಿಕ್ಕಪ್ಪನ ಖಾತೆಯಲ್ಲಿ ಅದು ಇದ್ದಿದ್ದರೆ ಇವತ್ತು ಚಿಕ್ಕಮ್ಮ ಇಷ್ಟು ಹೆದರಬೇಕಿರಲಿಲ್ಲ.

ದೊಡ್ಡಪ್ಪ: ನನಗೆ ಅದನ್ನು ಮಾಡಿಕೊಡು. ನಿನ್ನ ಹೆಸರು ಹಾಕು. ಅಪ್‌ಡೇಟ್ ಆಫ್ ಮಾಡಿದ್ದೆನಲ್ಲ, ಅದನ್ನೇನು ಮಾಡಲಿ?

ನಾನು: ಈಗಲೇ ಆನ್ ಮಾಡಿ. ಕಳ್ಳರು ಯಾವ ಕಿಂಡಿಯಿಂದ ನುಗ್ಗುತ್ತಾರೋ ಅದನ್ನು ಮುಚ್ಚುವುದು ಅಪ್‌ಡೇಟೇ. ಆಫೀಸ್ ರೂಮಿನದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಲೇಬೇಡಿ.

ಸಂಜೆ 6:40

ನಾನು: ಬ್ಲಾಗ್‌ನ ಬರಹಗಳ ಬ್ಯಾಕಪ್ ಇಳಿಸಿಕೊಂಡೆ. ಒಂದು ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ, ಇನ್ನೊಂದನ್ನು ಪೆನ್‌ಡ್ರೈವ್‌ಗೆ ಹಾಕಿ ತೋಟಕ್ಕೆ ತರುತ್ತೇನೆ. ಫೋಟೊಗಳ ಮೂಲ ಪ್ರತಿ ಬೇರೆ ಇಡಬೇಕು. ಚಿಕ್ಕಮ್ಮ, ಹಳೇ ಕಂಪ್ಯೂಟರ್‌ನಲ್ಲಿ ಮಳೆ ಅಂತ ಫೋಲ್ಡರ್ ಇದೆಯಾ ನೋಡಿ.

ಹಾಸನದ ಅತ್ತೆ: ಇವತ್ತು ವೈರಸ್ ಮೆಸೇಜು ಬರಲಿಲ್ಲ ಪುಟ್ಟಿ. ಅಂದ ಹಾಗೆ ಬ್ಲಾಗ್‌ನ ಮೊದಲಿನ ಪುಟಗಳು ನನ್ನ ಫೋನಿನಲ್ಲಿ ಓದಲು ಬರುವುದೇ ಇಲ್ಲ. ಏನೇನೋ ಇಂಗ್ಲಿಷ್ ಅಕ್ಷರ. ಅದೂ ಕೆಟ್ಟಿದೆಯಾ?

ನಾನು: ಕೆಟ್ಟಿಲ್ಲ ಅತ್ತೆ. 2008ರಲ್ಲಿ ಚಿಕ್ಕಪ್ಪ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿತ್ತು. ಆ ಫಾಂಟ್ ಇದ್ದ ಕಂಪ್ಯೂಟರ್‌ನಲ್ಲಿ ಕನ್ನಡ, ಇಲ್ಲದ ಕಡೆ ಗೊಜ್ಜು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಎಲ್ಲಾ ಫೋನಿನಲ್ಲೂ ಕಾಣುತ್ತದೆ. ಹಳೆಯದನ್ನು ಪರಿವರ್ತಿಸಬಹುದು. ಆದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಅದಲು ಬದಲಾಗುತ್ತವೆ. ಯಾರಾದರೂ ಕೂತು ತಿದ್ದಬೇಕು.

ದೊಡ್ಡಪ್ಪ: ನಾನೂ ಈಗ ತೆರೆದು ನೋಡಿದೆ. ಅಕ್ಷರ ಅರ್ಥವಾಗಲಿಲ್ಲ, ಆದರೆ ಅಂಕಿಗಳು ಸರಿಯಾಗಿವೆ. ಒಂದು ಕಡೆ 9 ಅಂತ, ಪಕ್ಕದಲ್ಲಿ 15 ಅಂತ ಇದೆ. ಒಂದೇ ದಿನ 9 ಇಂಚು 15 ಸೆಂಟ್. ಅವತ್ತು ಹಳ್ಳ ಉಕ್ಕಿ ನಾನು, ತಮ್ಮ ಇಬ್ಬರೂ ಆಚೆ ದಡದಲ್ಲೇ ಉಳಿದಿದ್ದೆವು. ಅಪ್ಪ ಆ ಮಳೆಯಲ್ಲೂ ಹೋಗಿ ಅಳೆದಿದ್ದಾರೆ ನೋಡು.

ನಾನು: ತಿದ್ದುವ ಕೆಲಸ ನೀವೇ ಮಾಡಿ ದೊಡ್ಡಪ್ಪ. ಅಜ್ಜನ ಅಕ್ಷರ ಓದಲು ಬರುವುದು ನಿಮಗೇ. ಶನಿವಾರ ನಾನು ತೋಟಕ್ಕೆ ಬರುತ್ತೇನೆ, ನೀವೂ ಬನ್ನಿ.

ದೊಡ್ಡಪ್ಪ: ಬರುತ್ತೇನೆ. ನೋಟ್‌ಬುಕ್ ತೆಗೆದಿಡಮ್ಮ. ಕೆಂಪು ಶಾಯಿಯಲ್ಲಿರುವುದನ್ನು ಬ್ಲಾಗಿನಲ್ಲೂ ಕೆಂಪಾಗಿಯೇ ಹಾಕಲು ಆಗುತ್ತದಾ ಪುಟ್ಟಿ?

ನಾನು: ಆಗುತ್ತದೆ.