ಕುಚ್ಚಿನ ದಾರ ಮತ್ತು ನಾಯಿಯ ಕೂದಲು: ಯಾವ ವ್ಯಾಕ್ಯೂಮ್ ಕ್ಲೀನರ್ ಸೂಕ್ತ?

ಪ್ರಶ್ನೆ:
ನಮ್ಮ ಮನೆಯ ಒಂದು ಕೋಣೆಯಲ್ಲಿ ರವಿಕೆ ಹೊಲಿಯುವ, ಸೀರೆಗೆ ಕುಚ್ಚು ಕಟ್ಟುವ ಕೆಲಸ ನಡೆಯುವುದರಿಂದ ನೆಲದ ಮೇಲೆ ರೇಷ್ಮೆ ದಾರದ ತುಂಡುಗಳು ಸದಾ ಬಿದ್ದಿರುತ್ತವೆ. ಅವುಗಳ ಜೊತೆಗೆ ಲ್ಯಾಬ್ರಡಾರ್ ನಾಯಿಯ ಕೂದಲೂ ಸೇರಿಕೊಂಡು, ಪೊರಕೆಯಿಂದ ಗುಡಿಸಿದರೆ ಅರ್ಧದಷ್ಟು ಹಾರಿ ಮೂಲೆ ಸೇರುತ್ತದೆ. ಈಗಿರುವ ಬ್ಯಾಟರಿ ಯಂತ್ರದ ಉರುಳುವ ಬ್ರಷ್ಷಿಗೆ ದಾರ ಸುತ್ತಿಕೊಂಡು ಅದು ಪದೇ ಪದೇ ನಿಲ್ಲುತ್ತದೆ. ಹೊಸದನ್ನು ಕೊಳ್ಳುವಾಗ ವ್ಯಾಟ್ ನೋಡಬೇಕೇ, ಪ್ಯಾಸ್ಕಲ್ ನೋಡಬೇಕೇ? ನೆಲಕ್ಕೆ ಟೈಲ್ಸ್ ಇದೆ, ಜಮಖಾನೆ ಒಂದೇ.

ಉತ್ತರ 1:
ವ್ಯಾಟ್ ಎಂಬುದು ಯಂತ್ರ ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಹೀರುವ ಶಕ್ತಿಯದ್ದಲ್ಲ. ಪ್ಯಾಸ್ಕಲ್ ಎಳೆತದ ಒತ್ತಡವನ್ನು ಹೇಳುತ್ತದೆ, ಆದರೆ ಗಾಳಿಯ ಹರಿವು ಸಾಲದಿದ್ದರೆ ಆ ಸಂಖ್ಯೆ ದೊಡ್ಡದಿದ್ದೂ ಪ್ರಯೋಜನವಿಲ್ಲ. ನಿಮ್ಮ ತೊಂದರೆಯ ಮೂಲ ಇವೆರಡರಲ್ಲೂ ಇಲ್ಲ, ಬ್ರಷ್ಷಿನಲ್ಲಿದೆ. ತಿರುಗುವ ಉರುಳೆಗೆ ಸುತ್ತಿಕೊಂಡ ದಾರ ಕ್ರಮೇಣ ಎರಡು ತುದಿಗಳತ್ತ ಸರಿದು ಬೇರಿಂಗಿನೊಳಗೆ ಸೇರುತ್ತದೆ. ಅಲ್ಲಿ ಘರ್ಷಣೆಯಿಂದ ಬಿಸಿಯೇರಿ ಪ್ಲಾಸ್ಟಿಕ್ ಮೆತ್ತಗಾಗುವುದೂ ಉಂಟು. ಟೈಲ್ಸ್ ನೆಲದಲ್ಲಿ ಉರುಳುವ ಬ್ರಷ್ಷಿನ ಅಗತ್ಯವೇ ಇಲ್ಲದಿರುವುದರಿಂದ, ಉದ್ದ ಕೊಳವೆಯ, ಚಪ್ಪಟೆ ಮೂತಿಯ, ಒಳಗೆ ಚೀಲವಿರುವ ಸಾಧಾರಣ ಯಂತ್ರವೇ ನಿಮಗೆ ಸಾಕೆಂಬುದು ನನ್ನ ಅಭಿಪ್ರಾಯ. ಚೀಲವಿಲ್ಲದವುಗಳಲ್ಲಿ ಕೂದಲು ಒಳಗಿನ ಜಾಲರಿಗೆ ಸುತ್ತಿಕೊಳ್ಳುತ್ತದೆ, ಖಾಲಿ ಮಾಡುವಾಗ ಧೂಳು ಮುಖಕ್ಕೇ ಬರುತ್ತದೆ.

ಉತ್ತರ 2:
ಜಮಖಾನೆ ಮತ್ತು ಸೋಫಾದ ವಿಷಯದಲ್ಲಿ ಮೇಲಿನ ಮಾತನ್ನು ಪೂರ್ಣವಾಗಿ ಒಪ್ಪಲಾರೆ. ನೇಯ್ಗೆಯೊಳಗೆ ಹೊಕ್ಕ ನಾಯಿಕೂದಲು ಬರೀ ಗಾಳಿಯ ಎಳೆತಕ್ಕೆ ಸುಲಭವಾಗಿ ಬರುವುದಿಲ್ಲ. ಅಲ್ಲಿಗೆ ಬಿರುಗೂದಲಿನ ಬದಲು ರಬ್ಬರ್ ಪಟ್ಟಿಗಳಿರುವ ಉರುಳೆ, ಅಥವಾ ಒಂದು ತುದಿ ಸಪೂರವಾಗಿದ್ದು ಕೂದಲು ಆ ಕಡೆಗೆ ಜಾರಿ ಒಳಹೋಗುವಂತಹ ಶಂಕುವಿನಾಕಾರದ ಉರುಳೆ ಒಳ್ಳೆಯದು. ಅಷ್ಟು ಖರ್ಚು ಬೇಡವೆಂದರೆ, ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ತುಸು ಒದ್ದೆ ಮಾಡಿ ಒಂದೇ ದಿಕ್ಕಿಗೆ ಉಜ್ಜಿದರೆ ಕೂದಲು ಉಂಡೆಕಟ್ಟಿ ಮೇಲೆ ಬರುತ್ತದೆ. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ ಅತಿ ಸೂಕ್ಷ್ಮ ಧೂಳನ್ನೂ ತಡೆಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಆರಿಸಿ, ಏಕೆಂದರೆ ಅಲರ್ಜಿಗೆ ಕಾರಣ ಕೂದಲಿಗಿಂತ ಹೆಚ್ಚಾಗಿ ನಾಯಿಯ ಚರ್ಮದ ಹೊಟ್ಟು ಮತ್ತು ಜೊಲ್ಲು.

ಉತ್ತರ 3:
ಯಾವುದನ್ನು ಕೊಂಡರೂ ನಿರ್ವಹಣೆ ತಪ್ಪದು. ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಯಂತ್ರದ ಸ್ವಿಚ್ ಆಫ್ ಮಾಡಿ, ಉರುಳೆಯನ್ನು ಹೊರತೆಗೆದು, ಅದರ ಉದ್ದಕ್ಕೂ ದಾರವನ್ನು ಸೀಳಿದರೆ ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ. ತುದಿಯ ಮುಚ್ಚಳಗಳು ಕಳಚುವಂತಿದ್ದರೆ ಅವುಗಳ ಒಳಗೂ ನೋಡಿ. ತೊಳೆಯಬಹುದೆಂದು ಕೈಪಿಡಿಯಲ್ಲಿ ಹೇಳಿದ ಫಿಲ್ಟರನ್ನು ಮಾತ್ರ ತೊಳೆದು, ಕನಿಷ್ಠ 24 ಗಂಟೆ ನೆರಳಿನಲ್ಲಿ ಆರಿಸಿಯೇ ಜೋಡಿಸಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಗುಂಡುಪಿನ್ನು, ಸೂಜಿಗಳನ್ನು ಮೊದಲೇ ಅಯಸ್ಕಾಂತದಿಂದ ಎತ್ತಿಕೊಳ್ಳಿ, ಇಲ್ಲವಾದರೆ ಚೀಲ ಹರಿಯುತ್ತದೆ. ಲ್ಯಾಬ್ರಡಾರಿಗೆ ಎರಡು ಪದರದ ತುಪ್ಪಳ ಇರುವುದರಿಂದ, ಅಂಗಳದಲ್ಲಿ ನಿಲ್ಲಿಸಿ ಬಾಚಿದಷ್ಟೂ ಒಳಗಿನ ಕೆಲಸ ಕಡಿಮೆ.

ಪ್ರಶ್ನೆ ಕೇಳಿದವರು:
ಚೀಲದ ಯಂತ್ರವನ್ನೇ ನೋಡುತ್ತೇನೆ. ಹೊಲಿಗೆ ಯಂತ್ರದ ಬಾಬಿನ್ ಬಳಿ ಕೂಡುವ ನೂಲಿನ ಧೂಳನ್ನೂ ಇದರಿಂದಲೇ ತೆಗೆಯಬಹುದೇ?

ಉತ್ತರ 3:
ತೆಗೆಯಬಹುದು. ಬಾಬಿನ್ ಮತ್ತು ಅದರ ಕೇಸನ್ನು ಮೊದಲು ಹೊರತೆಗೆದು, ಸಪೂರ ಮೂತಿಯಿಂದ ಹೀರಿಸಿ. ಊದಿದರೆ ಧೂಳು ಇನ್ನೂ ಒಳಕ್ಕೆ ಹೋಗಿ ಎಣ್ಣೆಗೆ ಅಂಟಿಕೊಳ್ಳುತ್ತದೆ.